ಅರ್ಧ ಬಟ್ಟಲು ಗಾಳಿ

ಅತಿಥಿ ಕೋಣೆಯ ಗೋಡೆಯನ್ನು ಅಲಂಕರಿಸಿರುವ ಜೋಡಿ ಸ್ವಿಚ್ಚುಗಳ ಸನ್ನಿಧಾನಕ್ಕೆ,

ಮಾನ್ಯರೇ,

ತೆರ್ಮಿಜ್ ಪಟ್ಟಣದ ಬಸ್ ಚಾಲಕನೂ, ತಮ್ಮಿಬ್ಬರನ್ನು ಸ್ವಹಸ್ತದಿಂದ ಗೋಡೆಯಲ್ಲಿ ಪ್ರತಿಷ್ಠಾಪಿಸಿದವನೂ ಆದ ಮಾಮರಜಬನ ಸಾವಿರ ಸಲಾಮುಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮನ್ನು ಮುಟ್ಟಿದ ನಾನೂ ಕ್ಷೇಮವಾಗಿರುವುದೇ ಈ ಬೇಸಿಗೆಯಲ್ಲಿ ನಮ್ಮ ಬೀದಿಯವರು ಕಂಡ ದೊಡ್ಡ ವಿಸ್ಮಯ.

ತಮಗೆ ತಿಳಿದಂತೆ, ನನ್ನ ಮಗಳು ಜುಮ್ರದಳಿಗಾಗಿ ಗಂಡಿನ ಕಡೆಯವರು ರೊಟ್ಟಿ ಮುರಿಯಲು ಬರುವವರಿದ್ದರು. ರೊಟ್ಟಿ ಮುರಿದರೆ ಸಂಬಂಧ ಗಟ್ಟಿ. ಮುರಿಯದೆ ಎದ್ದರೆ ನಮ್ಮ ಮುಖ ಮುರಿದಂತೆ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಒಪ್ಪಬೇಕಾದವರು ಹುಡುಗನ ಅಜ್ಜಿ ಒಯ್ದಿನ್ ಒಬ್ಬರೇ, ಅವರೋ ಮನೆ ನೋಡಿ ಮನುಷ್ಯರನ್ನು ಅಳೆಯುವವರು. ಅವರು ಬೆವರಬಾರದೆಂದು ಹೊಸ ಫ್ಯಾನನ್ನೂ ದೀಪವನ್ನೂ ತಂದೆ.

"ಜುಮ್ರದ್ ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ವೈರಿಂಗ್ ಮಾಡೋರನ್ನ ಕರೀರಿ. ಇದು ಬಸ್ಸಿಗೆ ಡೀಸೆಲ್ ಹಾಕಿದಂಗಲ್ಲ" ಎಂದಳು ಹೆಂಡತಿ ರಯ್ಹಾನ್. "ಎರಡು ತಂತಿ ಕೂಡಿಸೋಕೆ ಊರನ್ನೇ ಕರೀಬೇಕೇನೇ?" ಎಂದು ನಾನು ಮೀಸೆ ತಿರುವಿದೆ. ಏಣಿ ಹತ್ತುವ ಮುನ್ನ ಮೇನ್ ಆರಿಸಿದ್ದೊಂದೇ ನಾನು ಅಂದು ಮಾಡಿದ ಸರಿಯಾದ ಕೆಲಸ.

ನಮ್ಮಲ್ಲಿ ಚಹಾದ ಬಟ್ಟಲು ಹಿರಿಯರಿಂದ ಕಿರಿಯರಿಗೆ ಕೈಯಿಂದ ಕೈಗೆ ಸಾಗುತ್ತದೆ. ಇಂಥ ಸಂಸ್ಕಾರವಂತನಾದ ನಾನು ಕರೆಂಟನ್ನೂ ಮೊದಲು ಹಿರಿಯನಾದ ಫ್ಯಾನಿಗೆ ಕೊಟ್ಟು, ಅವನ ಕೈಯಿಂದ ದೀಪಕ್ಕೆ ದಾಟಿಸಿ, ತಮ್ಮಿಬ್ಬರನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದೆ. ಇಬ್ಬರಿಗೂ ಬೇರೆ ಬೇರೆಯಾಗಿ ಬಡಿಸಬೇಕು, ಒಬ್ಬನ ಎಂಜಲು ಇನ್ನೊಬ್ಬನ ಹೊಟ್ಟೆ ತುಂಬಿಸದು ಎಂದು ತಾವಾದರೂ ಒಮ್ಮೆ ಕೆಮ್ಮಬಹುದಿತ್ತು.

ಕೆಲಸ ಮುಗಿಯುವುದಕ್ಕೂ ಬೀಗರು ಒಳಬರುವುದಕ್ಕೂ ಸರಿಹೋಯಿತು. ಬಿಸಿಲಿಗೆ ಪರದೆ ಎಳೆದ ಕೋಣೆಯಲ್ಲಿ ತಮ್ಮಲ್ಲೊಬ್ಬರನ್ನು ಒತ್ತಿದೆ, ಏನೂ ಇಲ್ಲ. ಇನ್ನೊಬ್ಬರನ್ನೂ ಒತ್ತಿದಾಗ ದೀಪ ಆರಿಹೋಗುವ ಕೆಂಡದಂತೆ ಮಿಣುಕಿತು, ಫ್ಯಾನು ಊಟ ಮಾಡಿ ಅಡ್ಡಾಡುವವರ ಗತಿಯಲ್ಲಿ ಹೊರಟಿತು. ಒಯ್ದಿನ್ ಅಜ್ಜಿಯ ಹಣೆಯಲ್ಲಿ ಬೆವರು ಮೂಡಿತು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ರಯ್ಹಾನ್ ಅವರಿಗೆ ಅರ್ಧ ಬಟ್ಟಲು ಚಹಾ ಬಗ್ಗಿಸಿದಳು. ಬಹಳ ಬೇಕಾದ ಅತಿಥಿಗೆ ನಾವು ಅರ್ಧವೇ ಕೊಡುವುದು, ಮತ್ತೆ ಮತ್ತೆ ಬಡಿಸುವ ನೆಪಕ್ಕೆ. ಅಂಚಿನವರೆಗೆ ತುಂಬಿದರೆ 'ಕುಡಿದು ಹೊರಡಿ' ಎಂದರ್ಥ. ಅಜ್ಜಿ ಬಟ್ಟಲನ್ನು ನೋಡಿದರು, ದೀಪವನ್ನು ನೋಡಿದರು, ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ನೋಡಿದರು. "ಅಲ್ಲಯ್ಯಾ ಬೀಗಾ, ಚಹಾನೂ ಅರ್ಧ, ಬೆಳಕೂ ಅರ್ಧ, ಗಾಳೀನೂ ಅರ್ಧ! ಇಷ್ಟೊಂದು ಮರ್ಯಾದೆ ನಂಗೆ ಹುಟ್ಟಿದಾಗಿಂದ ಯಾರೂ ಕೊಟ್ಟಿಲ್ಲ. ತಾ ಆ ರೊಟ್ಟಿ, ನಾನು ಬೆಂದುಹೋಗೋ ಮುಂಚೆ ಮುರಿದುಬಿಡ್ತೀನಿ" ಎಂದರು.

ಬೀಗಾ ಎಂದರು, ಮಾನ್ಯರೇ! ಬಾಗಿಲ ಹಿಂದೆ ಜುಮ್ರದ್ ಅತ್ತಳು. ನಾನು ಎಲ್ಲರೆದುರೇ ಅತ್ತೆ.

ಆದ್ದರಿಂದ ತಾವು ಕೆಮ್ಮಲಿಲ್ಲವೆಂಬ ನನ್ನ ದೂರನ್ನು ಹಿಂಪಡೆಯುತ್ತಾ ಕೋರುವುದಿಷ್ಟೇ: ಇದೆಲ್ಲ ನಾನು ಬೇಕೆಂದೇ ಮಾಡಿದ್ದೆಂದು ತಾವು ರಯ್ಹಾನಳೆದುರು ಸಾಕ್ಷಿ ನುಡಿಯಬೇಕು, ಮತ್ತು ಮದುವೆಯ ದಿನ ಬರುವ ಬೇಡದ ನೆಂಟರಿಗೆ ಮಾತ್ರ ಪೂರ್ತಿ ಗಾಳಿ ಬೀಸಿಸಬೇಕು.

ಇನ್ನೂ ಏಣಿಯ ಬುಡದಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಮಾಮರಜಬ್

ತಾ.ಕ.: ನಿನ್ನೆ ಬೀಗರ ಮನೆಗೆ ಹೋಗಿ, ಅವರ ಫ್ಯಾನಿಗೂ ನಾನೇ ವೈರಿಂಗ್ ಮಾಡಿಕೊಡುವೆನೆಂದೆ. ಒಯ್ದಿನ್ ಅಜ್ಜಿ ಕೂಡಲೇ ಚಹಾ ಬಗ್ಗಿಸಿದರು. ಬಟ್ಟಲು ಅಂಚಿನವರೆಗೆ ತುಂಬಿತ್ತು.