ಲಿಫ್ಟ್ ಪೂಜೆ

ತಾವೇ ಮಾಡಿದ ಅಡುಗೆಯನ್ನು ಉಣ್ಣಲು ಹೆದರುವ ಅಡುಗೆಯವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ನಾನಂತೂ ನಾನೇ ಬರೆದ ಪ್ರೋಗ್ರಾಂ ನಡೆಸುವ ಲಿಫ್ಟಿಗೆ ಹೆದರುತ್ತೇನೆ. ಕಲಬುರಗಿಯಿಂದ ತೆಲುಗು ನಾಡಿಗೆ ಬಂದು ಮಾದಾಪುರದ ಒಂದು ಲಿಫ್ಟ್ ಕಂಪನಿ ಸೇರಿದವನು ನಾನು. ಸಾಫ್ಟ್‌ವೇರ್ ಎಂದರೆ ಸಾಕು, ಕಣ್ಣು ಮುಚ್ಚಿ ಹೆಣ್ಣು ಕೊಡುತ್ತಿದ್ದ ಕಾಲ ಅದು. ನನ್ನದು ಬರೀ ಬಾಗಿಲು ತೆರೆದು ಮುಚ್ಚಿಸುವ ಕೆಲಸವೆಂದು ನಾನೂ ಮಾವನವರಿಗೆ ಬಿಡಿಸಿ ಹೇಳಲಿಲ್ಲ.

ಈ ಬಾಗಿಲಿನ ಪ್ರೋಗ್ರಾಂಗೆ ಇರುವುದು ಒಂದೇ ಕಟ್ಟಳೆ. ನಡುವೆ ಯಾರದಾದರೂ ಕೈ ಬಂತೆಂದರೆ ಆ ಕ್ಷಣವೇ ಬಾಗಿಲು ತೆರೆಯಬೇಕು, ತಡವಾಗಿ ತೆರೆದರೆ ತೆರೆದಂತಲ್ಲ. ನಾನೋ, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂಬ ವಿವರವನ್ನು ಡಿಸ್ಕಿನ ಒಂದು ಫೈಲಿನಲ್ಲಿಟ್ಟು, ಅದನ್ನು ಓದುವ ಕೆಲಸವನ್ನೂ ಇದೇ ಪ್ರೋಗ್ರಾಂಗೆ ಹಚ್ಚಿದ್ದೆ. ಡಿಸ್ಕು ಬಿಡುವಾಗಿದ್ದರೆ ಥಟ್ಟನೆ ಕೊಡುತ್ತದೆ. ಬೇರೆ ಕೆಲಸದಲ್ಲಿದ್ದರೆ ಕಾಯಿಸುತ್ತದೆ, ಅಷ್ಟು ಹೊತ್ತು ನಡುವೆ ಕೈ ಬಂದರೂ ಪ್ರೋಗ್ರಾಂಗೆ ತಿಳಿಯುವುದಿಲ್ಲ. ಎಣ್ಣೆ ಕಾದು ಸಾಸಿವೆ ಸಿಡಿಯುವಾಗ ಕರಿಬೇವು ತರಲು ಪಕ್ಕದ ಮನೆಗೆ ಹೋದಂತೆ. ಅವರು ಮಾತಿಗೆ ನಿಲ್ಲಿಸಿಕೊಂಡರೆ ಒಗ್ಗರಣೆಯ ಗತಿ ಏನು? ಇದು ನನಗೆ ಹೊಳೆದದ್ದು ಕಚೇರಿಯ ಹೊಸ ಲಿಫ್ಟಿಗೆ ಪೂಜೆ ಇಟ್ಟುಕೊಂಡ ದಿನ ಬೆಳಿಗ್ಗೆ. ಪ್ರೋಗ್ರಾಂ ಬರೆದವನೇ ಹೆಂಡತಿಯೊಡನೆ ಮೊದಲು ಹತ್ತಬೇಕೆಂಬುದು ನಮ್ಮ ಕಂಪನಿಯ ಪದ್ಧತಿ. ಓಡಿಹೋಗಿ ಮ್ಯಾನೇಜರಿಗೆ ಹೇಳಿದೆ. "ಏಮೀ ಕಾದಯ್ಯಾ, ಏನೂ ಆಗಲ್ಲ! ಇಷ್ಟು ದಿನ ಏನಾದ್ರೂ ಆಯ್ತಾ?" ಎಂದು ಅವರು ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು.

ನನ್ನ ಹೆಂಡತಿ ಶಾರದಾ ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಲಿಫ್ಟಿನೊಳಗೆ ನಿಂತಳು. ಬಾಗಿಲು ಮುಚ್ಚತೊಡಗಿದಾಗಲೇ ಅವಳಿಗೆ ಹೊಸ್ತಿಲಿಗೆ ಕುಂಕುಮ ಹಚ್ಚಿಲ್ಲವೆಂದು ನೆನಪಾಗಬೇಕೆ! ಬಗ್ಗಿ ಕೈ ಹೊರಗೆ ಚಾಚಿಯೇಬಿಟ್ಟಳು. ನಾನು "ಅಯ್ಯೋ!" ಎಂದು ಕಿರುಚಿ ಅವಳನ್ನು ತಬ್ಬಿ ಹಿಂದಕ್ಕೆಳೆದೆ. ಡಿಸ್ಕು ಬಿಡುವಾಗಿತ್ತೆಂದು ಕಾಣುತ್ತದೆ, ಬಾಗಿಲು ಮರ್ಯಾದೆಯಿಂದ ತೆರೆದುಕೊಂಡಿತು. ಹೊರಗೆ ನಿಂತಿದ್ದ ಇಡೀ ಕಚೇರಿ ಚಪ್ಪಾಳೆ ತಟ್ಟಿತು. "ಮಂದಿ ಮುಂದ ಹಿಂಗ ಮಾಡ್ತಾರೇನ್ರಿ?" ಎಂದು ಶಾರದಾ ನಾಚಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಆ ಖುಷಿಯಲ್ಲೇ ಸುಮ್ಮನಿರಬೇಕಾಗಿತ್ತು. ಮನೆಗೆ ಬಂದು ಎಲ್ಲವನ್ನೂ ಹೇಳಿಬಿಟ್ಟೆ. ನಾಳೆಯೇ ಫೈಲ್ ಓದಲು ಬೇರೊಂದು ಪ್ರೋಗ್ರಾಂ ಇಡುತ್ತೇನೆ, ಅದು ಮೊದಲೇ ಓದಿ ಮೆಮೊರಿಯಲ್ಲಿ ತಂದಿಟ್ಟಿರುತ್ತದೆ, ಕರಿಬೇವು ಒಲೆಯ ಪಕ್ಕದಲ್ಲೇ ಇದ್ದಂತೆ ಎಂದು ಸಮಾಧಾನ ಮಾಡಿದೆ. ಅವಳು ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅಂದ್ರ, ಗೊತ್ತಿದ್ದೂ ನನ್ನ ಅದರಾಗ ಹತ್ತಿಸಿದ್ರಿ?" ಎಂದಳು.

ಮರುದಿನವೇ ಪ್ರೋಗ್ರಾಂ ತಿದ್ದಿದೆ. ಆದರೂ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಮುಂದೆ ಬಂದಾಗೆಲ್ಲ ಶಾರದಾ ನಿಂತುಬಿಡುತ್ತಾಳೆ. "ಮೊದಲ ನೀವ್ ಹತ್ರಿ. ಮ್ಯಾಲೆ ಹೋಗಿ ಫೋನ್ ಮಾಡ್ರಿ, ಆಮ್ಯಾಲೆ ನಾ ಬರ್ತೀನಿ." ಇದು ಬೇರೆ ಕಂಪನಿಯ ಲಿಫ್ಟು, ಇದರ ಪ್ರೋಗ್ರಾಂ ಬರೆದವನು ನಾನಲ್ಲ ಎಂದೆ. "ಬರದಾಂವ ನಿಮ್ಮಂಥಾವನ ಇರ್ತಾನಲ್ರಿ" ಎಂದಳು. ಅದನ್ನು ಕೇಳಿದಂದಿನಿಂದ ನನಗೂ ಕಾಲು ಮುಂದೆ ಹೋಗುವುದಿಲ್ಲ. ಹೆಂಡತಿ ನೋಡುತ್ತಿದ್ದಾಳಲ್ಲ ಎಂದು ಹತ್ತುತ್ತೇನೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು.