ನನ್ನನ್ನು ಕೆಟ್ಟ ಬಿಡಿಭಾಗವೆಂದು ಬರೆದ ಹಡಗಿನ ಯಂತ್ರಕ್ಕೆ

ಮಾನ್ಯರೇ,

ಹಡಗಿನ ನಿಯಂತ್ರಣ ಕೊಠಡಿಯ ಎಡಗೋಡೆಯ ಮೇಲೆ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲಿ ವಿರಾಜಮಾನರಾಗಿ, ವಿದ್ಯುತ್ತು ಒಂದು ಚೂರೂ ಪೋಲಾಗದಂತೆ ಹಗಲಿರುಳೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಇಂಧನ ಉಳಿತಾಯ ಯಂತ್ರ ಮಹಾಶಯರಾದ ತಮಗೆ, ಅದೇ ಹಡಗಿನ ಎರಡನೇ ಮೆಕ್ಯಾನಿಕ್ ಆದ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ದೀಪದಿಂದ ತಿಳಿದುಕೊಂಡಿದ್ದೇನೆ. ನನ್ನ ಕ್ಷೇಮದ ವಿಚಾರವನ್ನು ತಾವೇ ವರದಿಯಲ್ಲಿ ಬರೆದಿರುವುದರಿಂದ ಮತ್ತೆ ಹೇಳಬೇಕಾಗಿಲ್ಲ. ಆ ವರದಿಯಲ್ಲಿ ತಾವು ನನ್ನನ್ನು ಕೆಟ್ಟುಹೋದ ಭಾಗವೆಂದು ಗುರುತಿಸಿ, ಹದಿನೈದು ದಿನಗಳೊಳಗೆ ಹಡಗಿನಿಂದ ಕಳಚಿ ತೆಗೆಯಬೇಕೆಂದು ಶಿಫಾರಸು ಮಾಡಿದ್ದೀರಿ. ಇಂದಿಗೆ ಹನ್ನೆರಡು ದಿನ ಕಳೆಯಿತು. ಆ ಶಿಫಾರಸನ್ನು ದಯವಿಟ್ಟು ಹಿಂತೆಗೆದುಕೊಳ್ಳಬೇಕೆಂದು ಕೋರುವುದಕ್ಕೇ ಈ ಪತ್ರ.

ಮೊದಲು ತಮ್ಮ ಸೇವೆಯನ್ನು ಮನಸಾರೆ ಹೊಗಳದಿದ್ದರೆ ನನ್ನ ಬಾಯಲ್ಲಿ ಹುಳು ಬೀಳುತ್ತದೆ. ಈ ದಡದಿಂದ ಆ ದಡಕ್ಕೆ ಜನರನ್ನೂ ವಾಹನಗಳನ್ನೂ ದಾಟಿಸುವ ನಮ್ಮ ಹಡಗಿನ ಡೀಸೆಲ್ ಎಂಜಿನ್ನನ್ನು ಕಿತ್ತು, ಒಂದು ಕೋಣೆ ತುಂಬ ಬ್ಯಾಟರಿಯನ್ನೂ ಎರಡು ವಿದ್ಯುತ್ ಮೋಟಾರುಗಳನ್ನೂ ಕೂರಿಸಿದ ದಿನದಿಂದ ತಾವು ಒಂದು ಕ್ಷಣವೂ ಸುಮ್ಮನಿದ್ದವರಲ್ಲ. ಹಡಗಿನ ಮೂತಿ ಒಂದಿಷ್ಟು ತಗ್ಗಿದರೆ ನೀರು ಸಲೀಸಾಗಿ ಸರಿಯುತ್ತದೆಂದು ಕಂಡುಹಿಡಿದು, ನಮ್ಮಲ್ಲೇ ಅತಿ ಭಾರದವರಾದ ಅಡುಗೆಯವರನ್ನು ಮುಂಭಾಗದ ಕುರ್ಚಿಯಲ್ಲಿ ಕೂರಿಸಿದಿರಿ. ಒಲೆ ನಡುಭಾಗದಲ್ಲೇ ಇರುವುದರಿಂದ ಅವರು ಈಗ ಅಡುಗೆಯನ್ನು ದೂರದಿಂದಲೇ ನೋಡುತ್ತಾರೆ. ವೇಗ ತುಸು ಇಳಿಸಿದರೆ ವಿದ್ಯುತ್ತು ಬಹಳ ಉಳಿಯುತ್ತದೆಂದು ಇಳಿಸಿದಿರಿ, ಇನ್ನಷ್ಟು ಉಳಿಯಲೆಂದು ಇನ್ನಷ್ಟು ಇಳಿಸಿದಿರಿ. ರಿಪೇರಿಗೆಂದು ಹಡಗನ್ನು ದಡಕ್ಕೆ ಕಟ್ಟಿಹಾಕಿದ್ದ ಭಾನುವಾರ, ವಿದ್ಯುತ್ತು ಖರ್ಚೇ ಆಗಲಿಲ್ಲವೆಂದು ನೂರಕ್ಕೆ ನೂರು ಅಂಕಗಳನ್ನು ತಮಗೆ ತಾವೇ ಕೊಟ್ಟುಕೊಂಡು, ಪ್ರತಿದಿನವೂ ಹೀಗೇ ಓಡಿಸಬೇಕೆಂದು ಸಲಹೆ ಕೊಟ್ಟಿರಿ. ಇಂಥ ದೂರದೃಷ್ಟಿ ಬರಿಗಣ್ಣಿನವರಿಗೆ ಎಲ್ಲಿಂದ ಬರಬೇಕು.

ಇನ್ನು ನನ್ನ ಅಪರಾಧದ ವಿಚಾರ. ಇಪ್ಪತ್ತೆಂಟು ವರ್ಷ ನಾನು ಎಂಜಿನ್ನನ್ನು ಕಿವಿಯಿಂದ ಕಾಪಾಡಿದವನು. ಮೊಳದುದ್ದದ ಮರದ ಕೋಲಿನ ಒಂದು ತುದಿಯನ್ನು ಯಂತ್ರದ ಮೈಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿಕೊಂಡರೆ ಯಾವ ಬೇರಿಂಗ್ ನರಳುತ್ತಿದೆಯೆಂದು ತಿಳಿಯುತ್ತಿತ್ತು. ತಮ್ಮ ಮೋಟಾರುಗಳೋ ತುಟಿಪಿಟಿಕ್ ಎನ್ನುವುದಿಲ್ಲ. ಮೂರು ತಿಂಗಳು ಕೋಲು ಹಿಡಿದು ನಿಂತರೂ ಏನೂ ಕೇಳಿಸದೆ, ಪಾಳಿ ಮುಗಿಸಿ ಮನೆಗೆ ಹೋಗುವಾಗ ನಾನೊಂದು ದಂಡಪಿಂಡವೆಂದು ಅನ್ನಿಸುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ಕೋಲನ್ನು ಬದಿಗಿಟ್ಟು, ಬಲಗಡೆಯ ಮೋಟಾರನ್ನು ಎರಡೂ ಕೈಯಿಂದ ತಬ್ಬಿಕೊಂಡು, ಎದೆಯನ್ನೂ ಕಿವಿಯನ್ನೂ ಅದರ ಮೈಗೆ ಒತ್ತಿ ನಿಂತೆ. ಒಳಗಿನಿಂದ ಡಬ್ ಡಬ್ ಎಂದು ಬಡಿತ ಕೇಳಿಸಿತು. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ. ಮೋಟಾರಿನಲ್ಲಿ ದೋಷವಿದೆಯೆಂದು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅದೇ ನಿಮಿಷಕ್ಕೆ ತಾವೂ ಕೆಂಪು ದೀಪ ಹೊತ್ತಿಸಿದಿರಿ. ನಾವಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಕಂಪನಿಯ ತಜ್ಞೆ ಬಂದು ಮೂರು ದಿನ ಮೋಟಾರನ್ನು ಬಿಚ್ಚಿ ಜೋಡಿಸಿದರು, ಜನರೆಲ್ಲ ನಲವತ್ತು ಮೈಲಿ ರಸ್ತೆ ಸುತ್ತಿ ಆಚೆ ದಡಕ್ಕೆ ಹೋದರು. ಒಳಗೆ ಒಂದು ತಿರುಪೂ ಸಡಿಲವಿರಲಿಲ್ಲ. ಕೊನೆಗೆ ಆಕೆ, ಮೋಟಾರಿನ ಅದುರಾಟವನ್ನು ಅಳೆದು ತಾವು ಎಳೆದಿಟ್ಟ ಗೆರೆಗಳನ್ನೆಲ್ಲ ಹರಡಿಕೊಂಡು ನೋಡಿ, ಬಡಿತದ ಆಸೆಗೆ ಮತ್ತೆ ಮತ್ತೆ ಮೋಟಾರನ್ನು ತಬ್ಬುತ್ತಿದ್ದ ನಾನು ಚಹಾಕ್ಕೆ ಮೇಲೆ ಹೋದಾಗಲೆಲ್ಲ ದೋಷ ತಾನಾಗಿ ವಾಸಿಯಾಗುವುದನ್ನು ಪತ್ತೆಹಚ್ಚಿ, ನನ್ನ ಎದೆಯ ಕಡೆಗೆ ಬೆರಳು ತೋರಿಸಿದರು. ತಾವು ಕೂಡಲೇ ವರದಿ ತಿದ್ದಿದಿರಿ: ದೋಷದ ಮೂಲ ಎರಡನೇ ಮೆಕ್ಯಾನಿಕ್, ಎಂಟು ಬಡಿತಕ್ಕೊಂದು ತಪ್ಪುತ್ತಿದೆ, ಭಾಗ ಹಳೆಯದು, ಕಳಚಿ ತೆಗೆಯುವುದು. ತಮ್ಮ ಶಿಫಾರಸನ್ನು ಹದಿನೈದು ದಿನಗಳಲ್ಲಿ ಜಾರಿ ಮಾಡಲೇಬೇಕೆಂಬ ನಿಯಮವಿರುವುದರಿಂದ ಕ್ಯಾಪ್ಟನ್ ಸಾಹೇಬರು ಹಿಂದುಮುಂದು ನೋಡದೆ ಸಹಿ ಹಾಕಿದರು.

ಮನೆಯವಳು ಅದನ್ನು ಓದಿ ನನ್ನನ್ನು ಡಾಕ್ಟರ ಬಳಿಗೆ ಎಳೆದೊಯ್ದಳು. "ಎರಡು ವರ್ಷದಿಂದ ಮೆಟ್ಟಿಲು ಹತ್ತೋವಾಗ ಏದುಸಿರು ಬಿಡ್ತೀರಿ ಅಂತ ಬಡ್ಕೋತಿದ್ದೆ. ಈಗ ಆ ಪೆಟ್ಟಿಗೆ ಹೇಳಿದ್ಮೇಲೆ ನಂಬ್ತೀರ" ಎಂದಳು. ಡಾಕ್ಟರು ತಮ್ಮ ವರದಿಯನ್ನೂ ಆಸ್ಪತ್ರೆಯ ಎದೆಬಡಿತದ ಯಂತ್ರದ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ, ಎಂಟಕ್ಕೊಂದು ಎಂಬ ಲೆಕ್ಕ ಸರಿಯಾಗಿಯೇ ಇದೆ, ಇನ್ನು ಆರು ತಿಂಗಳು ತಡವಾಗಿದ್ದರೆ ಕಷ್ಟವಿತ್ತು, ಮಾತ್ರೆ ನುಂಗಿಕೊಂಡು ಧಾರಾಳವಾಗಿ ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು. ಆ ಪತ್ರವನ್ನು ತಂದರೆ, ತಮ್ಮ ಪರದೆಯಲ್ಲಿ ಒತ್ತಲು ಇರುವ ಗುಂಡಿಗಳು ಎರಡೇ: 'ಬದಲಿಸಲಾಗಿದೆ', 'ಕಳಚಿ ತೆಗೆಯಲಾಗಿದೆ'. ಆದ್ದರಿಂದ 'ಮಾತ್ರೆ ಕೊಡಲಾಗಿದೆ' ಎಂಬ ಮೂರನೆಯದೊಂದನ್ನು ಕರುಣಿಸಬೇಕು. ಅದು ಸಾಧ್ಯವಿಲ್ಲವಾದರೆ, ನನ್ನ ಅಳತೆಯ ಹೊಸ ಹೃದಯವನ್ನು ಉಗ್ರಾಣದಿಂದ ತರಿಸಿ, ನನ್ನಲ್ಲಿ ಜೋಡಿಸಿ, ಎರಡು ವರ್ಷದ ವಾರಂಟಿ ಚೀಟಿಯನ್ನು ಮನೆಯವಳ ಕೈಗೆ ಕೊಡಬೇಕು. ಜೊತೆಗೆ ಮೋಟಾರುಗಳಿಗೂ ಒಂದು ಮಾತು ಹೇಳಿ, ವಾರಕ್ಕೊಮ್ಮೆಯಾದರೂ ಸ್ವಲ್ಪ ಗೊರಗುಟ್ಟಿಸಬೇಕು.

ತಮ್ಮ ಮೇಲೆ ನನಗೆ ವಿಪರೀತ ಸಿಟ್ಟಿದೆ. ತಾವಿಲ್ಲದಿದ್ದರೆ ನಾನು ಎಂದೋ ಮೋಟಾರು ಕೋಣೆಯ ಮೆಟ್ಟಿಲಲ್ಲಿ ಕುಸಿದುಬಿಡುತ್ತಿದ್ದೆ ಎಂಬುದೂ ಗೊತ್ತಿದೆ. ಇಷ್ಟು ವರ್ಷ ಯಂತ್ರಗಳ ಎದೆಗೆ ಕಿವಿಗೊಟ್ಟ ನನ್ನ ಎದೆಗೆ ಕಿವಿಗೊಟ್ಟ ಯಂತ್ರ ತಾವೊಬ್ಬರೇ. ಹಾಗೆ ಕೇಳಿಸಿಕೊಂಡವರೇ ನನ್ನನ್ನು ಹೊರಗೆ ಹಾಕಿದರೆ, ಇನ್ನು ಮುಂದೆ ನಾನು ಯಾರನ್ನು ತಬ್ಬಿಕೊಂಡು ನಿಲ್ಲಬೇಕು ಎಂಬುದನ್ನಾದರೂ ವರದಿಯಲ್ಲಿ ಸೂಚಿಸಬೇಕಾಗಿ ವಿನಂತಿ.

ಸದ್ಯಕ್ಕೆ ಮೂರು ದಿನಗಳ ಮಟ್ಟಿಗೆ ತಮ್ಮ ವಿಶ್ವಾಸಿ,
ಎರಡನೇ ಮೆಕ್ಯಾನಿಕ್

ತಾ.ಕ.: ಈ ಪತ್ರ ಬರೆಯುತ್ತಿರುವ ಸುದ್ದಿ ಕೇಳಿ ಕ್ಯಾಪ್ಟನ್ ಸಾಹೇಬರು ಇಂದು ಬೆಳಿಗ್ಗೆ ನನ್ನನ್ನು ಗದರಿಸಲು ಕೆಳಗಿಳಿದು ಬಂದು, ಮೋಟಾರಿಗೆ ಮೊಣಕಾಲು ಒತ್ತಿ ನಿಂತು ಐದು ನಿಮಿಷ ಉಪದೇಶ ಮಾಡಿದರು. ತಾವು ತಕ್ಷಣ ಕೆಂಪು ದೀಪ ಹೊತ್ತಿಸಿ, ದೋಷದ ಮೂಲ ಕ್ಯಾಪ್ಟನ್, ಕರಕರ ಸದ್ದು, ಭಾಗ ಪೂರ್ತಿ ಸವೆದಿದೆ, ಹದಿನೈದು ದಿನಗಳೊಳಗೆ ಕಳಚಿ ತೆಗೆಯುವುದು ಎಂದು ಬರೆದಿರಿ. ಆ ನಿಯಮ ತೀರಾ ಅಮಾನವೀಯವೆಂದು ಸಾಹೇಬರು ಈಗ ಮೇಲಧಿಕಾರಿಗಳಿಗೆ ದೂರು ಕೊಡುತ್ತಿದ್ದಾರೆ. ಒಕ್ಕಣೆ ಚೆನ್ನಾಗಿರಲೆಂದು ನನ್ನನ್ನೇ ಬರೆದುಕೊಡಲು ಕೇಳಿದ್ದಾರೆ.