ನಾನು ನೀರು ಅಳೆಯುವವನಲ್ಲ

ಮನುಷ್ಯನಿಗೆ ಪೆಟ್ಟಾಗುವುದರಲ್ಲೂ ಒಂದು ಮರ್ಯಾದೆ ಇರಬೇಕು ಎಂದು ವಾದಿಸುವವನು ನಾನು. ಪೈಲ್ವಾನನಿಗೆ ಅಖಾಡದಲ್ಲಿ ಏಟು ಬೀಳಬೇಕು, ಅಡುಗೆಯವನಿಗೆ ಒಲೆಯ ಮುಂದೆ ಕೈ ಸುಡಬೇಕು. ಅದೇ ನ್ಯಾಯದ ಪ್ರಕಾರ, ಹಲಗೆಯ ಮೇಲೆ ನಿಂತು ಅಲೆಗಳ ಸವಾರಿ ಮಾಡುವ ನನ್ನಂಥ ಸರ್ಫಿಂಗ್ ಹುಚ್ಚನಿಗೆ ಮೊಣಕಾಲು ಹೋಗಬೇಕಾದದ್ದು ಸಮುದ್ರದಲ್ಲಿ. ನನ್ನದು ಹೋದದ್ದು ಜಗಳೂರಿನಲ್ಲಿ. ಪರೀಕ್ಷೆಯ ಡ್ಯೂಟಿಗೆಂದು ಹೋದವನು, ಕೆಲಸ ಮುಗಿಸಿ ದಾವಣಗೆರೆ ಬಸ್ಸಿಗೆ ಓಡುತ್ತಿದ್ದೆ. ಅಡ್ಡ ಬಂದ ಕುರಿಮಂದೆಯಲ್ಲಿ ಒಂದು ಕುರಿ ಏನನ್ನು ಕಂಡು ಬೆದರಿತೋ, ನೇರವಾಗಿ ನನ್ನ ಎರಡು ಕಾಲುಗಳ ನಡುವೆ ನುಗ್ಗಿತು. ನಾನು ಮೊಣಕಾಲು ತಿರುಚಿಕೊಂಡು ಬಿದ್ದೆ. ಕುರಿ ಕಾಯುವವನು ಓಡಿ ಬಂದು ಮೊದಲು ಕುರಿಯ ಕಾಲು ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ಕಂಡು ಓಡಾಡಾಕೆ ಆಗಲ್ವೇನ್ರೀ?" ಅಂದ. ಎಷ್ಟೋ ವರ್ಷ ಅರಬ್ಬೀ ಸಮುದ್ರ ಮಾಡಲಾಗದ ಕೆಲಸವನ್ನು, ತೊಟ್ಟು ನೀರಿಲ್ಲದ ಜಾಗದಲ್ಲಿ ಒಂದು ಕುರಿ ಮಾಡಿ ಮುಗಿಸಿತ್ತು. ಇವತ್ತಿಗೂ ಯಾರಾದರೂ ಕಾಲಿಗೇನಾಯಿತು ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಪರಿಚಯವನ್ನು ಹೇಳಿಬಿಡುತ್ತೇನೆ. ಹುಟ್ಟಿದ್ದು ಹೊನ್ನಾಳಿಯಲ್ಲಿ, ಹೊಳೆಯ ದಡದಲ್ಲಿ. ಆದ್ದರಿಂದ ನಡೆಯುವುದಕ್ಕೂ ಈಜುವುದಕ್ಕೂ ನಡುವೆ ಹೆಚ್ಚು ಅಂತರವಿಲ್ಲದೆ ಎರಡನ್ನೂ ಕಲಿತೆ. ಕೆಲಸ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ. ಮೊದಲು ಮುಲ್ಕಿಯ ಕಡೆ ಇದ್ದಾಗ, ಹರೀಶ ಎಂಬ ಗೆಳೆಯ ನನ್ನನ್ನು ಸರ್ಫಿಂಗ್ ಹಲಗೆಯ ಮೇಲೆ ಹತ್ತಿಸಿದ. ಅಲ್ಲಿಂದ ಇಳಿಯಲು ಮನಸ್ಸೇ ಬರಲಿಲ್ಲ. ಆಮೇಲೆ ಸರ್ಕಾರಕ್ಕೆ ನನ್ನ ಸುಖ ಸಹಿಸಲಾಗದೆ ಚನ್ನಗಿರಿಗೆ ವರ್ಗ ಮಾಡಿತು. ಆದರೂ ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಹೋಗಿ ಅಲೆಗಳ ಮೇಲೆ ನಿಂತು ಬರುತ್ತಿದ್ದೆ. ತರಗತಿಯಲ್ಲಿ ಬೇಡಿಕೆ ಮತ್ತು ಪೂರೈಕೆಯ ಪಾಠ ಮಾಡುವಾಗ ನಿದ್ದೆ ಮಾಡುವ ಮುಖಗಳನ್ನು ನೋಡಿ ನೋಡಿ ಸತ್ತುಹೋಗಿದ್ದ ನನ್ನೊಳಗಿನ ಏನೋ ಒಂದು, ಅಲ್ಲಿ ಅಲೆ ಎತ್ತಿದ ಕೂಡಲೇ ಎದ್ದು ಕೂರುತ್ತಿತ್ತು. ಅದನ್ನು ಬಿಟ್ಟು ಬದುಕುವುದು ಹೇಗೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ದಾವಣಗೆರೆಯ ಡಾಕ್ಟರು ಆಪರೇಷನ್ ಮಾಡಿದರು. ಊರುಗೋಲು ಬಂತು, ಹೋಯಿತು. "ಸಮುದ್ರಕ್ಕೆ ಯಾವಾಗ ಹೋಗಬಹುದು?" ಎಂದು ನಾನು ಹೋದಾಗಲೆಲ್ಲ ಕೇಳಿ, ಕೊನೆಗೆ ಅವರಿಗೇ ತಲೆ ಚಿಟ್ಟು ಹಿಡಿಯಿತು. "ಮೊದಲು ನಿಂತ ನೀರಿನ ಮೇಲೆ ನಿಲ್ಲೋದು ಕಲೀರಿ. ಮಂಡಿಗೆ ಬಲ ಬರಲಿ, ಆಮೇಲೆ ನೋಡೋಣ" ಅಂದರು. ಹರೀಶನಿಗೆ ಫೋನ್ ಮಾಡಿದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ. ಗಾಳಿ ತುಂಬುವ ದೊಡ್ಡದೊಂದು ಪ್ಯಾಡಲ್ ಬೋರ್ಡನ್ನೂ, ಉದ್ದನೆಯ ಹುಟ್ಟನ್ನೂ ಬಸ್ಸಿಗೆ ಹಾಕಿ ಕಳಿಸಿಬಿಟ್ಟ. ಹಲಗೆಯ ಮೇಲೆ ನೆಟ್ಟಗೆ ನಿಂತು, ಹುಟ್ಟು ಹಾಕುತ್ತಾ ಮೆಲ್ಲಗೆ ಹೋಗುವುದು ಅದರ ಕ್ರಮ. ಅಲೆಯಿಲ್ಲ, ಎಗರಾಟವಿಲ್ಲ. ಕುದುರೆ ಸವಾರನನ್ನು ಕರೆದು ಎಮ್ಮೆ ಹತ್ತಿಸಿದಂತೆ. ನಿವೃತ್ತರಾದವರು ಸಂಜೆ ಹೊತ್ತು ಮಾಡುವ ಕೆಲಸ ಅದು ಎಂದು ನಾನೇ ಒಂದು ಕಾಲದಲ್ಲಿ ಹೇಳಿ ನಕ್ಕಿದ್ದೆ.

ನನ್ನ ಹೆಂಡತಿ ವನಜಾಕ್ಷಿ ನ್ಯಾಮತಿಯವಳು. ಅವಳ ತವರಿನಲ್ಲಿ ಯಾರೂ ನೀರಿನ ಮೇಲೆ ನಿಂತವರಲ್ಲ, ನಿಲ್ಲಬೇಕೆಂದು ಬಯಸಿದವರೂ ಅಲ್ಲ. ನನ್ನ ಸರ್ಫಿಂಗ್ ಹಲಗೆಗೆ ಅವಳು ಅಷ್ಟರಲ್ಲಿ ತಾರಸಿಯ ಮೇಲೆ ಬೇರೆ ಉದ್ಯೋಗ ಕೊಟ್ಟಿದ್ದಳು. ಕಾಲು ಜಾರದಿರಲೆಂದು ನಾನು ವರ್ಷಗಟ್ಟಲೆ ತಿಕ್ಕಿದ್ದ ಮೇಣವನ್ನು ಈಳಿಗೆಯಲ್ಲಿ ಕೆರೆದು, ಪಾತ್ರೆ ತಿಕ್ಕುವ ಸಬೀನಾ ಪುಡಿಯ ನೀರಿನಲ್ಲಿ ತೊಳೆದು, ಅದರ ಮೇಲೆ ಸಂಡಿಗೆ ಒಣಗಿಸಿದ್ದಳು. ನಾನು ಎದೆ ಎದೆ ಬಡಿದುಕೊಂಡೆ. "ಎಷ್ಟು ಜಿಡ್ಡು ಕಟ್ಟಿತ್ತು ಗೊತ್ತೈತೇನ್ರೀ? ಈಗ ನೋಡ್ರಿ, ಹೆಂಗೆ ಹೊಳೀತೈತೆ" ಎಂದು ಅವಳು ನನ್ನಿಂದಲೇ ಶಹಬ್ಬಾಸ್ ನಿರೀಕ್ಷಿಸಿದಳು. ಚನ್ನಗಿರಿ ಹತ್ತಿರದ ದೊಡ್ಡ ಕೆರೆಯಲ್ಲಿ ಅಭ್ಯಾಸ ಮಾಡುತ್ತೇನೆಂದಾಗ ಮಾತ್ರ ಅವಳ ಮುಖ ಗಂಭೀರವಾಯಿತು. "ಶಾಂತಿಸಾಗರ ಅಂತ ಹೆಸರೈತಲ್ಲ, ಅದೇ ನಿಮ್ಮ ಸಾಗರ ಅನ್ಕಳ್ರಿ. ಮಳೆಗಾಲದೊಳಗೆ ಕಾಲು ಸರಿಯಾದ್ರೆ ಮುಲ್ಕಿಗೂ ಹೋಗ್ರಿ. ಆದ್ರೆ ಕೆರೆಯಾಗೆ ಒಂದೇ ಒಂದು ಸಲ ಬಿದ್ರೂ ಸಮುದ್ರದ ಮಾತು ಎತ್ತಂಗಿಲ್ಲ. ಇನ್ನೊಂದು ಸಲ ನಿಮ್ಮನ್ನ ಬಚ್ಚಲಿಗೆ ಹಿಡ್ಕಂಡು ಹೋಗಾಕೆ ನನ್ನ ಕೈಲಿ ಆಗಲ್ಲ" ಅಂದಳು. ನಾನು ಒಪ್ಪಿಕೊಂಡೆ. ಬೀಳದಿದ್ದರೆ ಸಮುದ್ರ, ಬಿದ್ದರೆ ಜೀವಮಾನವೆಲ್ಲ ಸಂಡಿಗೆ.

ಬೋರ್ಡು ಸಾಗಿಸಲು ಪಕ್ಕದ ಮನೆಯ ದಾದಾಪೀರ್ ಸಿದ್ಧನಾದ. ಹಾಸಿಗೆ ಅಂಗಡಿ ಅವನದು, ಲಗೇಜ್ ಆಟೋ ಇದೆ. ಭಾನುವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಬೋರ್ಡಿಗೆ ಗಾಳಿ ತುಂಬಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ನಾನು ನೀರಿಗಿಳಿದೆ. ಮಂಡಿ ಗಡಗಡ ನಡುಗಿತು. ಆದರೂ ಎದ್ದು ನಿಂತೆ. ಎಷ್ಟೋ ತಿಂಗಳ ಮೇಲೆ ಕಾಲ ಕೆಳಗೆ ನೀರು ಅಲುಗಾಡಿದ್ದು ಕಂಡು ಎದೆ ತುಂಬಿ ಬಂತು. ಅದೇ ಕ್ಷಣದಲ್ಲಿ ಏರಿಯ ಮೇಲಿಂದ ಒಂದು ಕೂಗು ಬಂತು:

"ಸಾರ್, ಎಷ್ಟೈತ್ರೀ ನೀರು?"

ತ್ಯಾವಣಿಗೆ ಕಡೆಯ ನಾಲ್ಕಾರು ರೈತರು ಬೈಕು ನಿಲ್ಲಿಸಿ ನೋಡುತ್ತಿದ್ದರು. ನಾನು ತಿರುಗಿ, "ಗೊತ್ತಿಲ್ಲ" ಎಂದೆ. ಅವರಲ್ಲಿ ಹಿರಿಯರಾದ ರುದ್ರಪ್ಪ ಎಂಬವರು ಪಕ್ಕದವನಿಗೆ ಹೇಳಿದ್ದು ನೀರಿನ ಮೇಲಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು: "ಹೇಳಲ್ಲಪ್ಪ. ಮ್ಯಾಲಿನವರು ಹೇಳಬ್ಯಾಡ ಅಂದಿರ್ತಾರೆ."

ಅವರ ತರ್ಕವನ್ನು ಆಮೇಲೆ ದಾದಾಪೀರ್ ನನಗೆ ವಿವರಿಸಿದ. ಈ ಕೆರೆಯಲ್ಲಿ ಮೀನು ಹಿಡಿಯುವವರು ತೆಪ್ಪದಲ್ಲಿ ಕೂತೇ ಹೋಗುತ್ತಾರೆ. ಕೆಲಸ ಇರುವವನು ಕೂರುತ್ತಾನೆ. ಕೆರೆಯ ಮಧ್ಯದಲ್ಲಿ ನೆಟ್ಟಗೆ ನಿಂತು, ಕೈಯಲ್ಲಿ ಕೋಲು ಹಿಡಿದು, ಜಾಕೆಟ್ ತೊಟ್ಟು, ಆಗಾಗ ಕೋಲನ್ನು ನೀರಿಗೆ ಅದ್ದಿ ತೆಗೆದು, ಮುಖ ಗಂಟು ಹಾಕಿಕೊಂಡು ದೂರ ನೋಡುವವನು ನೀರಾವರಿ ಇಲಾಖೆಯವನಲ್ಲದೆ ಮತ್ತ್ಯಾರು? ನಾಲೆಗೆ ಯಾವಾಗ ನೀರು ಬಿಡುತ್ತಾರೆಂದು ರೈತರು ಕಾಯುತ್ತಿದ್ದ ಕಾಲ ಅದು. ನಾಲೆಯ ಕೊನೆಯಲ್ಲಿ ಗದ್ದೆ ಇರುವವರಿಗಂತೂ ಪ್ರತಿ ಅಡಿ ನೀರೂ ಜೀವ. "ಮೇಷ್ಟ್ರೇ, ನೀವು ನಗ್ತಾ ಹುಟ್ಟು ಹಾಕಿದ್ರೆ ಯಾರೂ ನಂಬಾಕಿಲ್ಲ. ನಿಮ್ಮ ಮುಖಾನೇ ಸರ್ಕಾರಿ ಮುಖ" ಅಂದ ದಾದಾಪೀರ್. ಇಂಥ ಗೆಳೆಯನಿದ್ದರೆ ಶತ್ರು ಯಾಕೆ ಬೇಕು ಹೇಳಿ.

ಮುಂದಿನ ಭಾನುವಾರ ಜನ ಹೆಚ್ಚಿದರು. ಅದರ ಮುಂದಿನ ಭಾನುವಾರ ರುದ್ರಪ್ಪನವರು ಒಂದು ತಂಬಿಗೆ ಮಜ್ಜಿಗೆ ತಂದರು. ನಾನು ಕೈ ಮುಗಿದು, "ಯಜಮಾನ್ರೇ, ನಾನು ಕಾಲೇಜಿನ ಮೇಷ್ಟ್ರು. ಕಾಲಿಗೆ ಪೆಟ್ಟಾಗಿದೆ. ವ್ಯಾಯಾಮಕ್ಕೆ ಬರ್ತೀನಿ" ಎಂದೆ. ಅವರು ಬಹಳ ಸಹಾನುಭೂತಿಯಿಂದ ತಲೆ ಆಡಿಸಿದರು. "ಆಗ್ಲಿ ಸಾರ್. ನಿಮಗೆ ಹೇಳಾಕೆ ಬರಲ್ಲ, ನಮಗೂ ಅರ್ಥ ಆಗ್ತೈತೆ. ಕುಂಟೋ ಕಾಲಾಗೆ ಡ್ಯೂಟಿ ಹಾಕಿದಾರಲ್ಲ, ಅವರಿಗೆ ಕರುಣೆ ಇಲ್ವೇನ್ರೀ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಜ್ಜಿಗೆ ಮಾತ್ರ ಚೆನ್ನಾಗಿತ್ತು, ಕುಡಿದೆ. ಆ ಕಡೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಬಂದು, ನಮ್ಮ ಓಣಿಯ ನಲ್ಲಿಯದೂ ಸ್ವಲ್ಪ ನೋಡ್ರಣ್ಣ ಅಂದಳು. ನಾನು ಯಾವ ಪಾಪಕ್ಕೆ ಸರ್ಫಿಂಗ್ ಕಲಿತೆ? ಮುಲ್ಕಿಯಲ್ಲಿ ಅಲೆಯ ಮೇಲೆ ನಿಂತವನನ್ನು ಕಂಡರೆ ಜನ ಚಪ್ಪಾಳೆ ಹೊಡೆಯುತ್ತಾರೆ. ಇಲ್ಲಿ ಅಹವಾಲು ಹೇಳಿಕೊಳ್ಳುತ್ತಾರೆ.

ಆದರೆ ಮಂಡಿ ಗಟ್ಟಿಯಾಗುತ್ತಿತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ ತಿರುಗುವಷ್ಟು ಧೈರ್ಯ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಉಳಿದಿದ್ದ ಕೊನೆಯ ರಜೆಗೆ ಬರುತ್ತೇನೆಂದು ಹರೀಶನಿಗೆ ಹೇಳಿಯೂ ಬಿಟ್ಟೆ. ಅದಾದ ಭಾನುವಾರ ದಡದಲ್ಲಿ ಒಂದು ಸಣ್ಣ ಸಭೆಯೇ ಸೇರಿತ್ತು. ನಾನು ಯಾರ ಕಡೆಗೂ ನೋಡದೆ ದಡಕ್ಕೆ ಹತ್ತಿರವೇ ಹುಟ್ಟು ಹಾಕುತ್ತಿದ್ದೆ. ರುದ್ರಪ್ಪನವರು ಎರಡೂ ಕೈ ಬಾಯಿಗೆ ಹಿಡಿದು, "ಸಾರ್, ಅಂದಾಜಾದ್ರೂ ಹೇಳ್ರಿ! ನಾವು ಯಾರಿಗೂ ಹೇಳಲ್ಲ!" ಎಂದರು. ಸಹನೆಗೂ ಒಂದು ಮಿತಿ ಇರುತ್ತದೆ. ನಾನು ಹುಟ್ಟನ್ನು ಮೇಲೆತ್ತಿ, ಗಂಟಲು ಹರಿಯುವಂತೆ, "ನಾನು ನೀರು ಅಳೆಯೋನಲ್ಲ ಕಣ್ರೀ! ಎಕನಾಮಿಕ್ಸ್ ಮೇಷ್ಟ್ರು!" ಎಂದು ಕಿರುಚಿದೆ. ಕಿರುಚಿದ ರಭಸಕ್ಕೆ ಬೋರ್ಡು ಒಂದು ಕಡೆ ಹೋಯಿತು, ನಾನೊಂದು ಕಡೆ ಹೋದೆ.

ನೀರಿನೊಳಗೆ ನನಗೆ ಮೊದಲು ನೆನಪಾದದ್ದು ಉಸಿರಲ್ಲ, ಮೊಣಕಾಲು. ಮಡಚಿದೆ. ಚಾಚಿದೆ. ನೋವಿಲ್ಲ. ಮತ್ತೆ ಮಡಚಿದೆ. ಇಲ್ಲವೇ ಇಲ್ಲ. ಕೆಸರಿನಲ್ಲಿ ಕಾಲೂರಿ ಎದ್ದು ನಿಂತಾಗ ನಾನು ಅಳುತ್ತಿದ್ದೆ. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಕಾಲು ಬಂದಿತ್ತು, ಆದರೆ ನಾನು ಬಿದ್ದಿದ್ದೆ. ವನಜಾಕ್ಷಿಯ ಷರತ್ತಿನ ಪ್ರಕಾರ ಸಮುದ್ರ ಮುಗಿದ ಕತೆ. ದಡದಲ್ಲಿ ಮಾತ್ರ ಹಬ್ಬದ ಗದ್ದಲ. "ಎದೆ ಮಟ್ಟ ಐತೆ! ಅಂಚಿನಾಗೇ ಎದೆ ಮಟ್ಟ ಐತೆ!" ಎಂದು ರುದ್ರಪ್ಪನವರು ಕುಣಿಯುವುದೊಂದು ಬಾಕಿ. ನೀರಿಗಿಳಿದು ಬಂದು, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ತಲೆ ಒರೆಸಿದರು. "ಬಾಯಿಬಿಟ್ಟು ಹೇಳಾಕೆ ಆಗಲ್ಲ ಅಂತ ಇಳಿದು ತೋರ್ಸಿದ್ರಲ್ಲ ಸಾರ್, ನಿಮ್ಮಂಥೋರು ಇರ್ಬೇಕು" ಅಂದರು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ತ್ಯಾವಣಿಗೆಯಿಂದ ನ್ಯಾಮತಿಗೆ, ನ್ಯಾಮತಿಯ ನನ್ನ ಭಾವಮೈದುನನಿಂದ ವನಜಾಕ್ಷಿಗೆ. ಅವಳು ಬಾಗಿಲಲ್ಲೇ ನಿಂತಿದ್ದಳು. "ನೀರು ಎಷ್ಟೈತೆ ಅಂತ ನೋಡಾಕೆ ನೀವೇ ಕೆರೆಗೆ ಇಳಿದ್ರಂತೆ? ನಮ್ಮ ತವರಿನಾಗೆಲ್ಲ ಅದೇ ಮಾತಂತೆ. ಯಾವ ಆಫೀಸರೂ ಹಿಂಗೆ ಮಾಡಿರಲಿಲ್ಲ ಅಂತ ನಮ್ಮಣ್ಣ ಬಾಳ ಖುಷಿ ಪಟ್ಟ" ಅಂದಳು. ಆಮೇಲೆ ನನ್ನ ಕಾಲನ್ನೇ ನೋಡುತ್ತಾ, ಮೆಲ್ಲಗೆ ಕೇಳಿದಳು: "ಇಳಿದಿದ್ದೋ, ಬಿದ್ದಿದ್ದೋ?"

ಇಷ್ಟು ದಿನ ನಾನು ಇಲಾಖೆಯವನಲ್ಲ ಎಂದು ಊರೆಲ್ಲ ಕೂಗಿಕೊಂಡವನು ನಾನು. ಸತ್ಯಕ್ಕಾಗಿ ಗಂಟಲು ಹರಿದುಕೊಂಡವನು. ಹಿಂದೆ ಬೋರ್ಡು ಹೊತ್ತು ನಿಂತಿದ್ದ ದಾದಾಪೀರ್ ಆಕಾಶ ನೋಡತೊಡಗಿದ.

"ಇಳಿದದ್ದು" ಎಂದೆ. "ಜನ ಅಷ್ಟು ಕೇಳ್ತಿದ್ರಲ್ಲ."

ಅವಳು ಒಳಗೆ ಹೋಗಿ ಒಣಗಿದ ಪಂಚೆ ತಂದುಕೊಟ್ಟಳು. ಮುಂದಿನ ರಜೆಗೆ ನನ್ನ ಬ್ಯಾಗನ್ನು ಅವಳೇ ತುಂಬಿದಳು. ನಂಬಿದಳೋ, ನಂಬಿದಂತೆ ಮಾಡಿದಳೋ, ಕೇಳುವ ಧೈರ್ಯ ನನಗಿಲ್ಲ.

ಮುಲ್ಕಿಯಲ್ಲಿ ಅಲೆ ಚೆನ್ನಾಗಿ ಎದ್ದಿತ್ತು. ಮೊದಲನೆಯದರಲ್ಲಿ ಮುಗ್ಗರಿಸಿದೆ, ಎರಡನೆಯದರಲ್ಲಿ ಎದ್ದು ನಿಂತೆ. ಮಂಡಿ ಹೂವಿನಂತೆ ಮಡಚಿಕೊಂಡಿತು, ಕಲ್ಲಿನಂತೆ ನಿಂತಿತು. ಹರೀಶ ದೂರದಿಂದ ಸಿಳ್ಳೆ ಹೊಡೆದ. ಇದಕ್ಕಾಗಿಯೇ ಇಷ್ಟು ತಿಂಗಳು ಕಾದಿದ್ದೆ. ಅಲೆಯ ಮೇಲಿಂದ ದಡದ ಕಡೆ ನೋಡಿದೆ. ಜನ ಐಸ್‌ಕ್ರೀಂ ತಿನ್ನುತ್ತಿದ್ದರು, ಫೋಟೋ ತೆಗೆದುಕೊಳ್ಳುತ್ತಿದ್ದರು, ಮರಳಿನಲ್ಲಿ ಹೆಸರು ಬರೆಯುತ್ತಿದ್ದರು. ನನಗೆ ಸಿಟ್ಟು ಉಕ್ಕಿ ಬಂತು. ಇಷ್ಟು ದೊಡ್ಡ ಸಮುದ್ರ, ಅದರ ಮೇಲೆ ನಾನು ನೆಟ್ಟಗೆ ನಿಂತಿದ್ದೇನೆ, ನೀರು ಎಷ್ಟೈತೆ ಎಂದು ಕೇಳುವ ಒಬ್ಬ ಮನುಷ್ಯನಾದರೂ ಬೇಡವೇ?